ಮೋಡಜ್ಜಿಯ ಹನ್ನೊಂದು ಸಾಲು

ಜೂನ್ 9

ಅಪ್ಪಾ,

ನಾವೆಲ್ಲ ಚೆನ್ನಾಗಿದ್ದೇವೆ. ನೀವೂ ಅತ್ತೆಯೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ಬಂತೆಂದು ಗಾಬರಿಯಾಗಬೇಡಿ. ಫೋನಿನಲ್ಲಿ ನಾವಿಬ್ಬರೂ ಊಟ, ನಿದ್ದೆ, ಮೊಣಕಾಲು ನೋವು ದಾಟಿ ಮುಂದೆ ಹೋಗುವುದಿಲ್ಲ. ಇದು ಅದಕ್ಕಿಂತ ಸ್ವಲ್ಪ ಉದ್ದದ ವಿಷಯ.

ನಿಮ್ಮ ಮೊಮ್ಮಗಳು ಗುಬ್ಬಿ ತನ್ನ ಶಾಲೆಯ ಲೈಬ್ರರಿಯಿಂದ ‘ಮೋಡಸೀಮೆ’ಯ ಐದೂ ಸಂಪುಟ ಹೊತ್ತು ತಂದಿದ್ದಾಳೆ. ನಾನು ತಂದುಕೊಟ್ಟದ್ದಲ್ಲ. ಮೊದಲೆರಡನ್ನು ಒಂದೇ ಉಸಿರಿಗೆ ಮುಗಿಸಿ, ಮೂರನೆಯದಾದ ‘ಒಣಬೆಟ್ಟ’ಕ್ಕೆ ಬಂದವಳು ಈಗ ನಮ್ಮ ಬೇಕರಿಗೆ ಬರುವ ಗಿರಾಕಿಗಳನ್ನೆಲ್ಲ ತಡೆದು ನಿಲ್ಲಿಸಿ ಅಭಿಪ್ರಾಯ ಹೇಳುತ್ತಿದ್ದಾಳೆ. ಬ್ರೆಡ್ಡು ತಗೊಂಡು ಹೋಗಲು ಬಂದವರು ಮೋಡದ ಕಥೆ ಕೇಳಿಕೊಂಡು ಹೋಗುತ್ತಿದ್ದಾರೆ. ಒಳಪುಟದಲ್ಲಿ ಪ್ರೆಸ್ಸಿನ ಹೆಸರು ನೋಡಿ “ಇದು ಅಜ್ಜನ ಪ್ರೆಸ್ ಅಲ್ವಾ!” ಎಂದು ಕುಣಿದಳು. ನಿಮಗೆ ಬರೆಯಲೇಬೇಕೆಂದು ಹಠ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ:

“ಮೂರನೇದು ಬೋರು. ಬರೀ ನಡೀತಾರೆ. ನಡೀತಾರೆ, ಕೂತ್ಕೋತಾರೆ, ನೀರಿಲ್ಲ ಅಂತಾರೆ, ಮತ್ತೆ ನಡೀತಾರೆ. ಎರಡಾದ ಮೇಲೆ ಸೀದಾ ನಾಲ್ಕು ಬರೆಯೋಕಾಗಲ್ಲ ಅಂತ ಬರೆದಿದ್ದಾರೆ ಅಷ್ಟೆ. ಆದ್ರೆ ಮೋಡಜ್ಜಿ ಮಾತ್ರ... ಅವಳು ತಪ್ಪಿಸ್ಕೊಂಡ ಮರಿಮೋಡ ಹುಡುಕ್ಕೊಂಡು ಬೆಟ್ಟ ಹತ್ತುತ್ತಾಳೆ. ಮುಂದಿನ ಅಧ್ಯಾಯದಲ್ಲಿ ನೋಡಿದ್ರೆ ಅವಳ ಕೋಲು ಜೊತೆಗಿದ್ದ ಹುಡುಗಿ ಕೈಲಿದೆ! ಯಾರೂ ಏನೂ ಹೇಳಲ್ಲ! ಪುಟ ಹರಿದುಹೋಗಿದೆಯಾ ಅಂತ ನಾಲ್ಕು ಸಲ ಹಿಂದೆ ತಿರುಗಿಸಿ ನೋಡ್ದೆ. ಅಜ್ಜನ್ನ ಕೇಳಮ್ಮ, ಮೋಡಜ್ಜಿ ಸತ್ತಳಾ ಇಲ್ವಾ?”

ಮೋಡಗಳನ್ನು ಕುರಿಗಳ ಹಾಗೆ ಮೇಯಿಸುತ್ತಿದ್ದ ಆ ಮುದುಕಿ ನಿಮಗೆ ನೆನಪಿದ್ದಾಳೋ ಇಲ್ಲವೋ. ನನಗೆ ಗೊತ್ತಿಲ್ಲ, ಅಜ್ಜನೇ ಹೇಳಬೇಕು ಎಂದಿದ್ದೇನೆ. ಪುರುಸೊತ್ತಾದಾಗ ಎರಡು ಸಾಲು ಬರೆಯಿರಿ. ಅತ್ತೆಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು


ಜೂನ್ 20

ಮಗಳೇ,

ಎರಡು ಸಾಲು ಬರೆಯಿರಿ ಎಂದಿದ್ದೀಯ. ಜೀವಮಾನವೆಲ್ಲ ಬೇರೆಯವರ ಸಾಲು ತಿದ್ದಿದವನಿಗೆ ಸ್ವಂತದ್ದು ಬರೆಯಲು ವಾರ ಹಿಡಿಯಿತು. ಬರೆದದ್ದನ್ನೆಲ್ಲ ನಾನೇ ಹೊಡೆದುಹಾಕುತ್ತಿದ್ದೆ. ನಿನ್ನ ಅತ್ತೆ ನೋಡಿ ನೋಡಿ, “ಮಗಳಿಗೆ ಬರೀತಿದ್ದೀಯೋ ತಮ್ಮಾ, ಕೋರ್ಟಿಗೋ?” ಎಂದಳು. ಈಗ ಅವಳಿಗೆ ಕಿವಿ ಪೂರಾ ಮಂದ. ಬಾಯಿ ಮಾತ್ರ ಮೊದಲಿಗಿಂತ ಚುರುಕು.

ಗುಬ್ಬಿಗೆ ಹೇಳು, ಅವಳ ಮಾತು ನೂರಕ್ಕೆ ನೂರು ನಿಜ. ‘ಒಣಬೆಟ್ಟ’ ನಡುವಿನ ಮಗುವಿದ್ದ ಹಾಗೆ. ಹಿರಿಯದಕ್ಕೆ ಸಿಕ್ಕ ಗೌರವವೂ ಇಲ್ಲ, ಕಿರಿಯದಕ್ಕೆ ಸಿಕ್ಕ ಮುದ್ದೂ ಇಲ್ಲ. ಕರಡು ನೋಡುವಾಗ ನಾನೇ ಆಕಳಿಸಿದ್ದೇನೆ. ಆದರೂ ಐದರಲ್ಲಿ ನನಗೆ ಅದರ ಮೇಲೇ ಜೀವ. ಯಾಕೆಂದು ನಿನಗೆ ಬೇರೆ ಹೇಳಬೇಕೆ? ಅದನ್ನು ತಿದ್ದಿದ್ದು ನಾವಿಬ್ಬರು.

ನಿನ್ನಮ್ಮ ಹೋಗಿ ಆಗ ನಾಲ್ಕು ತಿಂಗಳು. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಯಾರಿರುತ್ತಿದ್ದರು? ನೀನು ಚೀಲ ಹೆಗಲಿಗೇರಿಸಿ ನೇರ ಪ್ರೆಸ್ಸಿಗೆ ಬರುತ್ತಿದ್ದೆ. ನನಗೆ ಹಸ್ತಪ್ರತಿ ಓದಿ ಹೇಳುತ್ತಿದ್ದ ಗುಮಾಸ್ತರು ಕಾಯಿಲೆ ಎಂದು ರಜೆ ಹಾಕಿದ್ದರು. ಅವರ ಕುರ್ಚಿ ಹತ್ತಿ ಕೂತೆಯಲ್ಲ, ಹನ್ನೆರಡು ವರ್ಷದವಳು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಲೇಖಕರ ಕೋಳಿಕಾಲು ಅಕ್ಷರ ನೀನು ಗಟ್ಟಿಯಾಗಿ ಓದುವುದು, ಎದುರಿಗೆ ಕೂತ ನಾನು ಅಚ್ಚಾಗಿ ಬಂದ ಕರಡಿನ ಮೇಲೆ ಬೆರಳಿಟ್ಟು ತಾಳೆ ನೋಡುವುದು. ಅಲ್ಪವಿರಾಮ, ಪೂರ್ಣವಿರಾಮವನ್ನೂ ಬಾಯಿಬಿಟ್ಟು ಹೇಳಬೇಕು ಎಂದು ಕಲಿಸಿದ್ದೇ ತಪ್ಪಾಯಿತು. ಮನೆಯಲ್ಲೂ ಶುರು ಹಚ್ಚಿಕೊಂಡೆ: “ಅಪ್ಪ ಅಲ್ಪವಿರಾಮ ಹಸಿವು ಆಶ್ಚರ್ಯಸೂಚಕ!” ನಿನ್ನಮ್ಮ ಹೋದ ಮೇಲೆ ಆ ಮನೆಯಲ್ಲಿ ನಾನು ಮೊದಲ ಸಲ ನಕ್ಕದ್ದು ಅವತ್ತೇ. ಮಸಿಯ ವಾಸನೆ, ಅಚ್ಚುಮೊಳೆ ತೊಳೆಯುವ ಸೀಮೆಎಣ್ಣೆಯ ವಾಸನೆ, ಒದ್ದೆ ಕಾಗದದ ವಾಸನೆ. ಒಳಗೆ ದೊಡ್ಡ ಮೆಷಿನ್ನು ಓಡತೊಡಗಿದರೆ ನಮ್ಮ ಮೇಜಿನ ಮೇಲಿನ ಚಹಾ ಲೋಟ ತಾನಾಗಿ ಅಂಚಿಗೆ ಸರಿಯುತ್ತಿತ್ತು. ಓದು ನಿಲ್ಲಿಸದೆಯೇ ನೀನು ಒಂದು ಕೈ ಚಾಚಿ ಅದನ್ನು ಹಿಡಿಯುತ್ತಿದ್ದೆ.

ಇನ್ನು ಮೋಡಜ್ಜಿ. ಸತ್ತಳು ಎಂದು ಹೇಳು. ಹಸ್ತಪ್ರತಿಯಲ್ಲಿ ಹನ್ನೊಂದು ಸಾಲಿನ ಒಂದು ಪ್ಯಾರಾದಲ್ಲಿ ಅವಳು ಸಾಯುತ್ತಾಳೆ. ಅದು ಅಚ್ಚಿನಲ್ಲಿ ಬಿಟ್ಟುಹೋಯಿತು. ನನ್ನ ಕಣ್ತಪ್ಪು. ಲೇಖಕರು ಆಗ ಪರದೇಶದಲ್ಲಿದ್ದರು, ಕರಡು ನೋಡಿರಲಿಲ್ಲ. ಪುಸ್ತಕ ಕೈಗೆ ಬಂದ ಮೇಲೆ ಪ್ರೆಸ್ಸಿಗೆ ಬಂದು ಹಾರಾಡಿದರು. ಮೂರೇ ತಿಂಗಳಲ್ಲಿ ವಿಮರ್ಶಕರು ‘ಸಾವನ್ನು ಹೇಳದೆಯೇ ಹೇಳಿದ ಪ್ರತಿಭೆ’ ಎಂದು ಕೊಂಡಾಡಿದ ಮೇಲೆ ತಣ್ಣಗಾದರು. ಆಮೇಲೆ ಆರು ಮುದ್ರಣವಾದರೂ ಆ ಪ್ಯಾರಾದ ಸುದ್ದಿ ಎತ್ತಲಿಲ್ಲ. ಹೊಗಳಿಕೆ ಯಾರಿಗೆ ಬೇಡ ಹೇಳು.

ಈಗ ಲೇಖಕರಿಲ್ಲ. ನಮ್ಮ ಯಜಮಾನರ ಮಗಳು ಪ್ರೆಸ್ ನೋಡಿಕೊಳ್ಳುತ್ತಿದ್ದಾಳೆ. ಹೋದ ವಾರ ನಮ್ಮ ಮಹಡಿ ಹತ್ತಿ ಬಂದಿದ್ದಳು. ಐದೂ ಸಂಪುಟ ಹೊಸದಾಗಿ ತರುತ್ತಾರಂತೆ, ಆ ಹನ್ನೊಂದು ಸಾಲು ಸೇರಿಸಿ. ಅದು ಬಿಟ್ಟುಹೋದದ್ದು ಹೇಗೆಂದು ನಾನೊಂದು ಪುಟ ಬರೆದುಕೊಡಬೇಕಂತೆ, ಆಗಸ್ಟ್ ಕೊನೆಯೊಳಗೆ. ಒಪ್ಪಿಕೊಂಡೆ. ನೋಡು, ಇಷ್ಟು ವರ್ಷ ಅಚ್ಚಿನ ಮನೆಯಲ್ಲಿದ್ದವನ ಹೆಸರು ಒಂದೇ ಒಂದು ಸಲ ಅಚ್ಚಾಗುವುದು, ಅದೂ ಅವನ ತಪ್ಪಿನ ಕೆಳಗೆ!

ಗುಬ್ಬಿಯ ಕೆನ್ನೆ ನನ್ನ ಪರವಾಗಿ ಚಿವುಟು.

ಅಪ್ಪ


ಜುಲೈ 1

ಅಪ್ಪಾ,

ನಿಮ್ಮ ಕಾಗದ ತಲುಪಿತು. ಮೋಡಜ್ಜಿ ಸತ್ತಳೆಂದು ಕೇಳಿ ಗುಬ್ಬಿ ಒಂದು ದಿನ ಪುಸ್ತಕ ಮುಟ್ಟಲಿಲ್ಲ. ಈಗ ನಾಲ್ಕನೇ ಸಂಪುಟ ಹಿಡಿದು ಕೂತಿದ್ದಾಳೆ.

ಒಂದು ಮಾತು. ದಯವಿಟ್ಟು ಆ ಪುಟ ಬರೆದುಕೊಡಬೇಡಿ. ಅಷ್ಟು ಹಳೆಯದನ್ನು ಈಗ ಯಾರಿಗೆ ಹೇಳಬೇಕಾಗಿದೆ? ಪ್ಯಾರಾ ಸೇರಿಸುತ್ತಾರೆ, ಸೇರಿಸಲಿ. ನಿಮ್ಮ ಹೆಸರು ಯಾಕೆ? ಓದಿದವರೆಲ್ಲ ಎತ್ತಿ ಆಡುತ್ತಾರೆ. ಮೈ ಸರಿಯಿಲ್ಲ, ಆಗುವುದಿಲ್ಲ ಎಂದು ಹೇಳಿಬಿಡಿ. ಬೇಕಾದರೆ ನಾನೇ ಆ ಯಜಮಾನರ ಮಗಳಿಗೆ ಫೋನ್ ಮಾಡಿ ಹೇಳುತ್ತೇನೆ.

ಇಲ್ಲಿ ಒಲೆ ಕೆಟ್ಟಿದೆ, ರಿಪೇರಿಯವರಿಗಾಗಿ ಕಾಯುತ್ತಿದ್ದೇವೆ. ಹೆಚ್ಚು ಬರೆಯಲು ಆಗುತ್ತಿಲ್ಲ.

ನಿಮ್ಮ ಮಗಳು


ಜುಲೈ 14

ಮಗಳೇ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ನನ್ನ ಮೈ ಸರಿಯಾಗಿಯೇ ಇದೆ. ಮಹಡಿ ಮೆಟ್ಟಿಲು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತೇನೆ. ಅತ್ತೆ ಬೇಡವೆಂದರೂ ತರಕಾರಿ ನಾನೇ ತರುತ್ತೇನೆ, ನಾನು ತಂದದ್ದು ಬಾಡಿದೆ ಎಂದು ಅವಳು ಬೈಯುತ್ತಾಳೆ. ಆ ಪುಟವನ್ನೂ ಬರೆದಾಯಿತು. ಇನ್ನೂ ಕಳಿಸಿಲ್ಲ. ಹೀಗಿದೆ:

‘ಹಸ್ತಪ್ರತಿಯ ಆ ಹಾಳೆಯಲ್ಲಿ ಮೇಲಿನ ಪ್ಯಾರಾವನ್ನು ಲೇಖಕರು ಹೊಡೆದುಹಾಕಿದ್ದರು. ಆ ಗೆರೆ ಕೆಳಗಿನ ಪ್ಯಾರಾಕ್ಕೂ ಬಂದಿದೆ ಎಂದು ತಿಳಿದು, ಕರಡಿನಲ್ಲಿ ಅದನ್ನೂ ತೆಗೆದುಬಿಟ್ಟೆ. ಆಗಲೇ ನನ್ನ ಕಣ್ಣು ಮಂದವಾಗಿತ್ತು. ಓದುಗರು ಕ್ಷಮಿಸಬೇಕು.’

ಅವತ್ತು ಯಜಮಾನರಿಗೆ ಹೇಳಿದ್ದೂ ಇದನ್ನೇ. ಚೊಕ್ಕವಾಗಿದೆ ಅಲ್ಲವೆ?

ನಿನಗೆ ಯಾಕೆ ಬೇಡವಾಗಿದೆ ಎಂದು ನನಗೆ ಗೊತ್ತು. ಇಷ್ಟು ವರ್ಷ ನಾವಿಬ್ಬರೂ ಬಾಯಿಬಿಡದ ಮಾತು, ಇವತ್ತು ಹೇಳಿಬಿಡುತ್ತೇನೆ. ಆ ತಪ್ಪಾದ ಮೇಲೆ ನನ್ನನ್ನು ಕರಡಿನ ಮೇಜಿನಿಂದ ಎಬ್ಬಿಸಿ ಹಿಂದಿನ ಪ್ಯಾಕಿಂಗ್ ಕೋಣೆಗೆ ಹಾಕಿದರು. ಕಂದು ಕಾಗದ ಸುತ್ತುವುದು, ಹುರಿ ಬಿಗಿಯುವುದು, ವಿಳಾಸದ ಚೀಟಿ ಅಂಟಿಸುವುದು. ಹದಿನೇಳು ವರ್ಷ ಅದೇ. ಆ ಕೋಣೆಗೆ ನೀನು ಒಂದು ದಿನವೂ ಕಾಲಿಡಲಿಲ್ಲ. ಶಾಲೆ ಬಿಟ್ಟ ಮೇಲೆ ಅತ್ತೆಯ ಮನೆಗೆ ಹೋಗತೊಡಗಿದೆ. ಅಪ್ಪ ಪುಸ್ತಕ ತಿದ್ದುತ್ತಾನೆ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚುತ್ತಿದ್ದ ಹುಡುಗಿಗೆ, ಅಪ್ಪ ಹುರಿ ಕಟ್ಟುತ್ತಾನೆ ಎನ್ನಲು ನಾಚಿಕೆಯಾಗದೆ ಇರುತ್ತದೆಯೆ? ಹದಿನೆಂಟು ತುಂಬುತ್ತಲೇ ಬೇಕರಿ ಕೆಲಸ ಕಲಿಯುತ್ತೇನೆಂದು ಊರು ಬಿಟ್ಟೆ. ಈಗಲೂ ಬೆಳಿಗ್ಗೆ ಬರುತ್ತೀಯ, ಸಂಜೆ ಬಸ್ಸಿಗೆ ಹೊರಡುತ್ತೀಯ, ಬಂದ ನೆಂಟರ ಹಾಗೆ ಕುಡಿದ ಲೋಟ ತೊಳೆದಿಟ್ಟು ಹೋಗುತ್ತೀಯ. ನಾನು ಬೇಜಾರು ಮಾಡಿಕೊಂಡಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಿನ್ನನ್ನು ದೂರುವುದಿಲ್ಲ. ಮಕ್ಕಳಿಗೆ ಅಷ್ಟೂ ಅಭಿಮಾನ ಇರಬಾರದೆ?

ಪುಟವನ್ನು ಇಪ್ಪತ್ತೈದಕ್ಕೆ ಕಳಿಸುತ್ತೇನೆ, ಆಗಸ್ಟ್ ಇಪ್ಪತ್ತೈದು. ಅಷ್ಟರೊಳಗೆ ತಿದ್ದುಪಡಿ ಇದ್ದರೆ ತಿಳಿಸು.

ಅಪ್ಪ


ಜುಲೈ 29

ಅಪ್ಪಾ,

ತಿದ್ದುಪಡಿ ಇದೆ.

ನಿಮ್ಮ ಬಗ್ಗೆ ನನಗೆ ನಾಚಿಕೆಯೇ? ಹಿಟ್ಟಿನ ಮೂಟೆಯ ಮೇಲೆ ಕೂತು ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಇವರು ಬಂದು ಏನಾಯಿತು ಎಂದು ಕೇಳಿದರು. ಒಲೆ ನೋಡಿ ಹೋಗಿ ಎಂದು ಕಳಿಸಿಬಿಟ್ಟೆ. ಹದಿನಾರು ವರ್ಷದ ಸಂಸಾರದಲ್ಲಿ ಅವರಿಗೂ ಹೇಳಿರಲಿಲ್ಲ. ನಿಮಗೆ ಹೇಳದೆ ಬೇರೆ ಯಾರಿಗೆ ತಾನೆ ಹೇಳಲಿ?

ನಿಮ್ಮ ಕಣ್ಣು ತಪ್ಪಿರಲಿಲ್ಲ. ನಾನು ಸುಳ್ಳು ಹೇಳಿದೆ.

ಅವತ್ತು ಗುರುವಾರ. ಆ ಹಾಳೆಯ ಮೇಲಿನ ಪ್ಯಾರಾ ಹೊಡೆದಿತ್ತು, ಅದು ನಿಜ. ಅದನ್ನು ಬಿಟ್ಟು ಕೆಳಗಿನದಕ್ಕೆ ಬಂದೆ. ಮೊದಲ ಸಾಲಿನಲ್ಲೇ ಮೋಡಜ್ಜಿ ಮಲಗಿದ್ದಳು. ಕಣ್ಣಲ್ಲೇ ಮುಂದೆ ಓದಿಕೊಂಡೆ. ನನಗೆ ಬಾಯಿ ತೆರೆಯಲಾಗಲಿಲ್ಲ. ಅವಳು ಮೋಡಗಳನ್ನು ಬೈಯುತ್ತಿದ್ದ ರೀತಿ ಥೇಟ್ ಅಮ್ಮನದೇ ಆಗಿತ್ತು ಅಪ್ಪಾ. “ಎಲ್ಲಿ ಹಾಳಾಗಿ ಹೋಗಿದ್ರಿ, ಕಾಲು ಒರೆಸ್ಕೊಂಡು ಬನ್ನಿ ಒಳಗೆ.” ನೀವು ತಲೆ ಎತ್ತದೆ, “ಊಂ, ಮುಂದೆ?” ಎಂದಿರಿ. ನಾನು ಮುಂದಿನ ಅಧ್ಯಾಯ ಓದಲು ಶುರು ಮಾಡಿದೆ.

“ತಡಿ ತಡಿ, ಇಲ್ಲೊಂದು ಪ್ಯಾರಾ ಇದೆಯಲ್ಲ?” ಎಂದಿರಿ.

“ಅದನ್ನೂ ಹೊಡೆದು ಹಾಕಿದ್ದಾರೆ ಅಪ್ಪ. ಬೇಕಾದ್ರೆ ನೋಡು,” ಎಂದೆ. ಬೇಕಾದರೆ ನೋಡು ಎನ್ನುವಷ್ಟು ಧೈರ್ಯ ಎಲ್ಲಿಂದ ಬಂತೋ. ನೀವು ನೋಡಲಿಲ್ಲ. ನನ್ನ ಮಾತು ನಂಬಿ ಕೆಂಪು ಮಸಿಯಲ್ಲಿ ಗೆರೆ ಎಳೆದಿರಿ.

ಲೇಖಕರು ಬಂದು ಕೂಗಾಡಿದ ದಿನ ನಾನು ಗಾಜಿನ ಬಾಗಿಲ ಈಚೆ ನಿಂತಿದ್ದೆ. ಯಜಮಾನರು ಹಸ್ತಪ್ರತಿ ಬಿಚ್ಚಿ ನಿಮ್ಮ ಮುಖಕ್ಕೆ ಹಿಡಿದರು. “ಎಲ್ರೀ ಹೊಡೆದಿದೆ? ತೋರಿಸ್ರೀ!” ನೀವು ಒಂದು ಸಲ ನನ್ನ ಕಡೆ ನೋಡಿದಿರಿ. ಆಮೇಲೆ “ಕಣ್ಣು ತಪ್ತು ಸಾರ್” ಎಂದಿರಿ. ನಾನು ಬಾಗಿಲು ತಳ್ಳಿ ಒಳಗೆ ಬರಬೇಕಿತ್ತು. ಬರಲಿಲ್ಲ.

ಆಮೇಲೆ ಹುರಿ ಉಜ್ಜಿ ಸಿಪ್ಪೆ ಎದ್ದ ನಿಮ್ಮ ಬೆರಳಿಗೆ ಅತ್ತೆ ಎಣ್ಣೆ ಹಚ್ಚುವಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಪ್ಯಾಕಿಂಗ್ ಕೋಣೆಗೆ ಬರಲು ನನಗೆ ಯಾವ ಮುಖವಿತ್ತು? ಮೂವತ್ತೊಂದು ವರ್ಷ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ತಿರುಗಿದ್ದೇನೆ. ಪುಸ್ತಕದ ಅಂಗಡಿ ಕಂಡರೆ ರಸ್ತೆ ದಾಟಿಬಿಡುತ್ತೇನೆ. ನೀವು ನನ್ನನ್ನು ಉಳಿಸಿದಿರಿ, ನಾನು ನಿಮ್ಮ ಕೆಲಸ ಕಳೆದೆ. ಈಗ ಅದೇ ಸುಳ್ಳನ್ನು ನಿಮ್ಮ ಹೆಸರಿನ ಜೊತೆ ಅಚ್ಚು ಹಾಕಿಸಲು ನಾನು ಬಿಡುವುದಿಲ್ಲ. ನನ್ನ ಹೆಸರು ಹಾಕಿ. ಮಗಳು ಮಾಡಿದ್ದು ಎಂದು ಬರೆಯಿರಿ.

ಕ್ಷಮಿಸಿ ಎಂದು ಕೇಳಲೂ ನನಗೆ ಹೆದರಿಕೆ.

ಮಗಳು


ಆಗಸ್ಟ್ 16

ಅಪ್ಪಾ,

ಎರಡೂವರೆ ವಾರವಾಯಿತು. ಫೋನ್ ಮಾಡಿದರೆ ಅತ್ತೆ ಎತ್ತಿಕೊಂಡು, “ಅವನು ಬರೀತಾನೆ, ಹರೀತಾನೆ, ಬರೀತಾನೆ, ಹರೀತಾನೆ. ನನ್ನ ಕಸದ ಬುಟ್ಟಿ ತುಂಬಿದೆ. ಏನೇ ಮಾಡಿದೆ ನೀನು?” ಎಂದು ಕಿರುಚುತ್ತಾರೆ. ಏನೆಂದು ಹೇಳಲಿ? ಬೈಯುವುದಿದ್ದರೆ ಬೈದುಬಿಡಿ. ಇಪ್ಪತ್ತೈದು ಹತ್ತಿರ ಬರುತ್ತಿದೆ.

ಮಗಳು


ಆಗಸ್ಟ್ 20

ಮಗಳೇ,

ಬೈಯಲು ನನಗೆ ಹಕ್ಕಿಲ್ಲ. ಇದನ್ನು ಓದಿದ ಮೇಲೆ ಆ ಹಕ್ಕು ಯಾರಿಗಿದೆ ಎಂದು ನಿನಗೇ ಗೊತ್ತಾಗುತ್ತದೆ.

ಅಚ್ಚಿನ ಮನೆಯಲ್ಲಿ ಬೆಳೆದವರಿಗೆ ಒಂದು ವಿದ್ಯೆ ತಾನಾಗಿ ಬರುತ್ತದೆ. ಮೊಳೆಯಲ್ಲಿ ಅಕ್ಷರ ಹಿಂದುಮುಂದಾಗಿರುತ್ತದೆ, ಜೋಡಿಸಿದ ಪುಟ ತಲೆಕೆಳಗಾಗಿರುತ್ತದೆ. ಹೇಗಿದ್ದರೂ ಓದುತ್ತೇವೆ. ನೀನು ನನ್ನ ಎದುರಿಗೆ ಕೂತಿದ್ದೆ, ಹಾಳೆ ನಿನ್ನ ಮುಂದಿತ್ತು. ನಿನಗೆ ನೇರ, ನನಗೆ ತಲೆಕೆಳಗು. ಹೊಡೆದು ಹಾಕಿದ್ದಾರೆ ಎಂದು ನೀನು ಹೇಳಿದಾಗಲೇ ನನಗೆ ಕಾಣುತ್ತಿತ್ತು, ಅಲ್ಲಿ ಗೆರೆ ಇರಲಿಲ್ಲ. ನಿನ್ನ ಹೆಬ್ಬೆರಳು ಮಾತ್ರ ಇತ್ತು, ಪ್ಯಾರಾದ ಮೇಲೆ ಒತ್ತಿ ಹಿಡಿದದ್ದು.

ಮಗುವಿನ ಸಂಕಟ ನೋಡಲಾರದೆ ಸುಮ್ಮನಾದೆ ಎಂದು ಬರೆದರೆ ನೀನು ನಂಬುತ್ತೀಯ. ಇಷ್ಟು ದಿನ ಬರೆದು ಹರಿದದ್ದೆಲ್ಲ ಅದನ್ನೇ. ನಿಜ ಅದಲ್ಲ. ಗೆರೆ ಎಳೆಯುವ ಮುಂಚೆ ಕರಡಿನ ಮೇಲಿದ್ದ ಆ ಹನ್ನೊಂದು ಸಾಲನ್ನು ನಾನು ಓದಿದೆ. ಮೋಡಜ್ಜಿ ಸಾಯುವ ಮುಂಚೆ ಒಂದೊಂದು ಮೋಡವನ್ನೂ ಹೆಸರು ಹಿಡಿದು ಕರೆಯುತ್ತಾಳೆ. ಹುಡುಗಿಗೆ ಬುದ್ಧಿ ಹೇಳುತ್ತಾಳೆ. ಸಾವೆಂದರೆ ಬೇರೆ ಹುಲ್ಲುಗಾವಲು ಎನ್ನುತ್ತಾಳೆ. ಎಲ್ಲರ ಕೈ ಹಿಡಿದು, ಎಲ್ಲ ಮಾತು ಮುಗಿಸಿ, ಆಮೇಲೆ ಕಣ್ಣು ಮುಚ್ಚುತ್ತಾಳೆ.

ನಿನ್ನಮ್ಮ ಕೊನೆಗೆ ಹೇಳಿದ್ದೇನು ಗೊತ್ತೆ? ಯಾರಿಗೂ ಹೇಳಿಲ್ಲ ನಾನು. “ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ತಿದೆ, ತಿರುಗಿಸಿ ಬನ್ನಿ” ಎಂದಳು. ಹೋಗಿ ತಿರುಗಿಸಿ ಬಂದೆ. ಅಷ್ಟರಲ್ಲಿ ಆಗಿಹೋಗಿತ್ತು. ನನ್ನ ಹೆಂಡತಿಗೆ ಅಷ್ಟೇ ಸಿಕ್ಕಿದ್ದು. ಈ ಕಾಗದದ ಮುದುಕಿಗೆ ಹನ್ನೊಂದು ಸಾಲು! ನನಗೆ ಹೊಟ್ಟೆಕಿಚ್ಚಾಯಿತು ಮಗಳೇ. ಸಿಟ್ಟು ನೆತ್ತಿಗೇರಿತು. ಸುಳ್ಳು ಇದು, ಯಾರೂ ಹೀಗೆ ಸಾಯುವುದಿಲ್ಲ ಎಂದುಕೊಂಡು ಕೆಂಪು ಗೆರೆ ಎಳೆದೆ. ಕರಡು ತಿದ್ದುವವನು ಬರೆದವರ ಮಾತಿಗೆ ತನ್ನ ಅಭಿಪ್ರಾಯ ಸೇರಿಸಕೂಡದು. ಅದಕ್ಕಿಂತ ದೊಡ್ಡ ಅಪರಾಧ ನಮ್ಮ ಕೆಲಸದಲ್ಲಿಲ್ಲ. ಯಜಮಾನರು ನನ್ನನ್ನು ಎಬ್ಬಿಸಿದ್ದು ಸರಿಯಾಗಿಯೇ ಇತ್ತು.

ಗಾಜಿನ ಬಾಗಿಲ ಕಡೆ ನೋಡಿದ್ದು ನಿನ್ನನ್ನು ಉಳಿಸಲು ಅಲ್ಲ. ನೀನು ಎಲ್ಲಿ ಒಳಗೆ ಬಂದು ಬಾಯಿಬಿಡುತ್ತೀಯೋ ಎಂಬ ಹೆದರಿಕೆಯಿಂದ. ನೀನು ಬಾಯಿಬಿಟ್ಟರೆ ನಾನೂ ಬಿಡಬೇಕಾಗುತ್ತಿತ್ತು. ಹನ್ನೆರಡು ವರ್ಷದ ಮಗುವಿನ ಸುಳ್ಳಿನ ಹಿಂದೆ ಬಚ್ಚಿಟ್ಟುಕೊಂಡೆ. ನೀನು ಮರೆತಿರುತ್ತೀಯ ಎಂದುಕೊಂಡೆ. ನೀನು ದೂರವಾದಾಗ ನಾಚಿಕೆ ಎಂದು ಹೆಸರಿಟ್ಟು ಸಮಾಧಾನ ಮಾಡಿಕೊಂಡೆ. ಒಂದು ಸಲ ಕೇಳಬಹುದಿತ್ತು. ಕೇಳಲಿಲ್ಲ. ನನ್ನನ್ನು ಕ್ಷಮಿಸು.

ಹಳೆಯ ಪುಟ ಹರಿದೆ. ಹೊಸದನ್ನು ಇವತ್ತೇ ಪ್ರೆಸ್ಸಿಗೆ ಕೊಟ್ಟು ಬಂದೆ:

‘ಈ ಹನ್ನೊಂದು ಸಾಲು ಕಣ್ತಪ್ಪಿನಿಂದ ಬಿಟ್ಟುಹೋದದ್ದಲ್ಲ. ಓದಿ, ಒಪ್ಪಿಗೆಯಾಗದೆ, ನಾನೇ ತೆಗೆದೆ. ನನ್ನ ಹೆಂಡತಿ ಆಗ ತಾನೆ ತೀರಿಕೊಂಡಿದ್ದಳು. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.’

ಯಜಮಾನರ ಮಗಳು ಎರಡು ಸಲ ಓದಿ, “ಇದನ್ನ ಹೀಗೇ ಹಾಕ್ಲಾ?” ಎಂದಳು. ಹೀಗೇ ಹಾಕಮ್ಮ ಎಂದೆ.

ಅಪ್ಪ


ಆಗಸ್ಟ್ 27

ಅಪ್ಪಾ,

ನಿನ್ನ ಕಾಗದ ಓದುತ್ತ ಒಂದು ಒಲೆ ಬ್ರೆಡ್ಡು ಸುಟ್ಟು ಕರಕಲು ಮಾಡಿದೆ. ಇವರಿಗೆ ಎಲ್ಲ ಹೇಳಿದೆ. ಗುಬ್ಬಿಗೂ ಹೇಳಿದೆ. ಅವಳು ತುಂಬ ಹೊತ್ತು ಯೋಚನೆ ಮಾಡಿ, “ಅಜ್ಜ ಅಂದ್ಕೊಂಡಿದ್ದು ಸರಿ, ಮಾಡಿದ್ದು ತಪ್ಪು,” ಎಂದು ತೀರ್ಪು ಕೊಟ್ಟಳು. ಅವಳಿಗೆ ಆ ಹನ್ನೊಂದು ಸಾಲು ಈಗಲೇ ಬೇಕಂತೆ, ಓದಿ ಹಿಡಿಸದಿದ್ದರೆ ಆಮೇಲೆ ಬೇಡ ಎನ್ನುತ್ತಾಳಂತೆ.

ಅವಳ ಹಾಗೆ ತೂಗಿ ನೋಡುವ ತಾಳ್ಮೆ ನನಗಿಲ್ಲ. ನನಗೆ ಸಿಟ್ಟು ಬಂದಿದೆ. ಎಂಥ ಮನುಷ್ಯ ನೀನು! ಮೂವತ್ತೊಂದು ವರ್ಷ! ನಿನ್ನ ಮುಂದೆ ಕೂತು ಒಂದು ಮಾತು ಜೋರಾಗಿ ಆಡಲಿಲ್ಲ ನಾನು. ಒಂದು ಹಠ ಮಾಡಲಿಲ್ಲ, ಒಂದು ಸೀರೆ ಬೇಕು ಎಂದು ಕೇಳಲಿಲ್ಲ, ನನ್ನ ಮದುವೆಯಲ್ಲಿ ಕೂಡ ನಿನ್ನ ಮುಖ ನೋಡಿ ಅಳಲಿಲ್ಲ. ಅಳುವುದಕ್ಕೂ ಯೋಗ್ಯತೆ ಬೇಕು ಎಂದುಕೊಂಡಿದ್ದೆ. ಅಮ್ಮನ ಕೊನೆಯ ಮಾತನ್ನಾದರೂ ನನಗೆ ಹೇಳಬೇಕಿತ್ತು. ನಲ್ಲಿ ತೊಟ್ಟಿಕ್ಕುತ್ತಿದೆ ಎಂದಳಂತೆ! ಅಮ್ಮ ಅಲ್ಲದೆ ಬೇರೆ ಯಾರು ಹಾಗೆ ಹೇಳುತ್ತಾರೆ? ಓದಿ ನಕ್ಕೆ, ನಗುತ್ತ ನಗುತ್ತ ಅತ್ತುಬಿಟ್ಟೆ, ಅತ್ತು ಮತ್ತೆ ನಿನ್ನ ಮೇಲೆ ಸಿಟ್ಟು ಬಂತು. ಅಷ್ಟು ಚಿಕ್ಕ ಮಾತು, ಅದರಲ್ಲಿ ನನಗೂ ಪಾಲಿತ್ತು. ಎಲ್ಲ ನೀನೊಬ್ಬನೇ ಇಟ್ಟುಕೊಂಡೆ.

ಕ್ಷಮಿಸಿದ್ದೇನೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ. ಅದು ಕಾಗದದಲ್ಲಿ ಆಗುವ ಕೆಲಸವಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ, ನಿನ್ನ ಜೊತೆ ಜಗಳ ಆಡಲು. ನೀನೂ ಸುಮ್ಮನೆ ತಲೆ ತಗ್ಗಿಸಿ ಕೂರಬೇಡ, ಎದುರು ಮಾತಾಡು. ಅಕ್ಕಪಕ್ಕದವರಿಗೆ ಕೇಳಿಸಿದರೆ ಕೇಳಿಸಲಿ. ಅತ್ತೆಗೆ ಹೇಳು, ಹಾಸಿಗೆ ಬಿಸಿಲಿಗೆ ಹಾಕಿರಲಿ. ಇದು ಸಂಜೆ ಬಸ್ಸಿನೊಳಗೆ ಮುಗಿಯುವ ಜಗಳ ಅಲ್ಲ, ನಾಲ್ಕು ದಿನ ಇರುತ್ತೇನೆ.

ನಿನ್ನ ಮಗಳು